ಎಡವಿದ ಮಗುವಿಗೂ ತಂಡದಲ್ಲಿ ಜಾಗ ಸಿಗಲಿ

ಮಾನ್ಯ ಸಂಪಾದಕರೇ,

ಹೋಬಳಿ ಮಟ್ಟದ ಶಾಲಾ ಕ್ರೀಡಾಕೂಟಗಳು ಇನ್ನೇನು ಶುರುವಾಗಲಿವೆ. ಅದಕ್ಕೆ ಮುಂಚೆಯೇ ಈ ಪತ್ರ ನಿಮ್ಮ ಕೈ ಸೇರಲಿ ಎಂದು ಬರೆಯುತ್ತಿದ್ದೇನೆ. ನಾನು ಹಾಸನ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ದೈಹಿಕ ಶಿಕ್ಷಕಿಯಾಗಿದ್ದವಳು. ಆಲೂರು, ಅರಕಲಗೂಡು, ಸಕಲೇಶಪುರದ ಕಡೆ ಕೆಲಸ ಮಾಡಿ ನಿವೃತ್ತಳಾಗಿದ್ದೇನೆ. ಈಗ ಹಾಸನದಲ್ಲಿ ಮಗಳ ಮನೆಯ ಹತ್ತಿರವೇ ವಾಸ.

ಈಚೆಗೆ ಒಂದು ಶಾಲೆಯ ಬಹುಮಾನ ವಿತರಣೆಗೆ ಹೋಗಿದ್ದೆ. ಅತಿಥಿಯಾಗಿ ಬಂದವರು ಮಕ್ಕಳಿಗೆ ಒಂದು ಘಟನೆ ಹೇಳಿದರು. ಮಂಜುಗಡ್ಡೆಯ ಮೇಲೆ ಸ್ಕೇಟಿಂಗ್ ಓಟ ಓಡುವ ಅಮೆರಿಕದ ಒಬ್ಬ ಹುಡುಗಿ ಒಲಿಂಪಿಕ್ಸ್ ಆಯ್ಕೆ ಸ್ಪರ್ಧೆಯಲ್ಲಿ ಎಡವಿದಳಂತೆ. ಗೆದ್ದ ಗೆಳತಿ ತನ್ನ ಜಾಗವನ್ನು ಅವಳಿಗೆ ಬಿಟ್ಟುಕೊಟ್ಟಳಂತೆ. ಎಡವಿದವಳು ಹೋಗಿ ಚಿನ್ನ ಗೆದ್ದಳಂತೆ. ಕೊನೆಗೆ, ‘ಹೆಣ್ಣುಮಕ್ಕಳು ಹೀಗೆ ಬಿಟ್ಟುಕೊಡುವುದನ್ನು ಕಲಿಯಬೇಕು’ ಎಂದರು. ಚಪ್ಪಾಳೆ ಜೋರಾಗಿಯೇ ಬಿತ್ತು. ಇದೇ ಮಾತು ವಾಟ್ಸಾಪ್‌ನಲ್ಲೂ ಸುತ್ತುತ್ತಿದೆ.

ನಡೆದದ್ದು ನಿಜ. ಆದರೆ ಹೇಳಿದ್ದು ಅರ್ಧ. ಬಿಟ್ಟ ಅರ್ಧದಲ್ಲೇ ನಮ್ಮ ಜಿಲ್ಲೆಯ ಮಕ್ಕಳಿಗೆ ಬೇಕಾದ ವಿಷಯ ಇದೆ. ಅದಕ್ಕಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ದಯವಿಟ್ಟು ಜಾಗ ಕೊಡಿ.

ಆ ಹುಡುಗಿಯ ಹೆಸರು ಎರಿನ್ ಜಾಕ್ಸನ್. ಹುಟ್ಟಿದ್ದು 1992ರಲ್ಲಿ, ಫ್ಲೋರಿಡಾ ರಾಜ್ಯದ ಓಕಾಲಾ ಎಂಬ ಊರಿನಲ್ಲಿ. ಕುದುರೆ ಫಾರಂಗಳಿಗೆ ಹೆಸರಾದ ಊರು ಅದು. ಸೆಕೆಯ ನಾಡು. ಅಲ್ಲಿ ಕೆರೆ ಹೆಪ್ಪುಗಟ್ಟುವ ಮಾತೇ ಇಲ್ಲ. ಅವಳು ಕಲಿತದ್ದು ಚಕ್ರದ ಸ್ಕೇಟಿಂಗ್. ಒಂದೇ ಸಾಲಿನಲ್ಲಿ ಚಕ್ರಗಳಿರುತ್ತವಲ್ಲ, ಆ ಇನ್‌ಲೈನ್ ಸ್ಕೇಟ್. ಹಾಸನದಲ್ಲಿ ಭಾನುವಾರ ಬೆಳಗ್ಗೆ ಹೆಲ್ಮೆಟ್ ಹಾಕಿ, ಮೊಣಕಾಲಿಗೆ ಪ್ಯಾಡ್ ಕಟ್ಟಿ ಮಕ್ಕಳು ಆಡುವುದೂ ಅದನ್ನೇ. ನನ್ನ ಮೊಮ್ಮಗಳೂ ಅವರಲ್ಲೊಬ್ಬಳು. ಅವಳ ದೆಸೆಯಿಂದಲೇ ನಾನು ಎರಿನ್ ಬಗ್ಗೆ ಓದಲು, ಅವಳ ಓಟದ ವಿಡಿಯೊಗಳನ್ನು ನೋಡಲು ಶುರು ಮಾಡಿದ್ದು.

ಓಕಾಲಾದಲ್ಲಿ ರೆನೀ ಹಿಲ್ಡೆಬ್ರಾಂಡ್ ಎಂಬ ಕೋಚ್ ಇದ್ದರು. ಅವರ ಕೈಯಲ್ಲಿ ಪಳಗಿದ ಮೂವರು ಮುಂದೆ ಅಮೆರಿಕದ ಒಲಿಂಪಿಕ್ಸ್ ತಂಡ ಸೇರಿದರು. ಎರಿನ್ ಒಬ್ಬಳು. ಬ್ರಿಟನಿ ಬೋ ಇನ್ನೊಬ್ಬಳು. ಜೋಯಿ ಮಾಂಟಿಯಾ ಮೂರನೆಯವನು. ಮೂವರೂ ಮೊದಲು ಚಕ್ರದ ಮೇಲೆ ಓಡಿದವರೇ. ಮಂಜುಗಡ್ಡೆಯೇ ಇಲ್ಲದ ಊರಿನಿಂದ ಮಂಜುಗಡ್ಡೆಯ ಆಟಕ್ಕೆ ಮೂವರು! ಒಂದು ಊರಿನಲ್ಲಿ ಒಬ್ಬ ಒಳ್ಳೆಯ ಕೋಚ್ ವರ್ಷಾನುಗಟ್ಟಲೆ ನೆಲೆ ನಿಂತರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಎರಿನ್ ಓದನ್ನೂ ಬಿಡಲಿಲ್ಲ. ಫ್ಲೋರಿಡಾ ವಿಶ್ವವಿದ್ಯಾಲಯದಲ್ಲಿ ಮೆಟೀರಿಯಲ್ಸ್ ಎಂಜಿನಿಯರಿಂಗ್ ಓದಿ 2015ರಲ್ಲಿ ಪದವಿ ಪಡೆದಳು. ‘ಆಟಕ್ಕೆ ಕಳಿಸಿದರೆ ಓದು ಹಾಳು’ ಎನ್ನುವ ಅಪ್ಪ ಅಮ್ಮಂದಿರು ಇದನ್ನು ಗಮನಿಸಲಿ.

ಚಕ್ರದ ಸ್ಪೀಡ್ ಸ್ಕೇಟಿಂಗ್ ಒಲಿಂಪಿಕ್ಸ್‌ನಲ್ಲಿ ಇಲ್ಲ. ಏಷ್ಯನ್ ಗೇಮ್ಸ್‌ನಲ್ಲಿ ಆಡಿಸಿದ್ದಾರೆ. 2023ರಲ್ಲಿ ಹಾಂಗ್‌ಝೌನಲ್ಲಿ ನಮ್ಮ ಹೆಣ್ಣುಮಕ್ಕಳು 3000 ಮೀಟರ್ ರಿಲೇಯಲ್ಲಿ ಕಂಚು ಗೆದ್ದದ್ದು ಅದರಲ್ಲೇ. ಆದರೆ ಒಲಿಂಪಿಕ್ಸ್‌ಗೆ ಹೋಗಬೇಕೆಂದರೆ ಮಂಜುಗಡ್ಡೆಯ ಮೇಲೆ ಇಳಿಯದೆ ಬೇರೆ ದಾರಿ ಇಲ್ಲ. ಎರಿನ್ 2017ರಲ್ಲಿ ಸಾಲ್ಟ್ ಲೇಕ್ ಸಿಟಿಗೆ ಹೋಗಿ ಪೂರ್ತಿಯಾಗಿ ಅದರ ಅಭ್ಯಾಸಕ್ಕೆ ಬಿದ್ದಳು. ಚಕ್ರದ ಮೇಲೆ ಅಷ್ಟು ವರ್ಷ ಓಡಿದವಳಿಗೆ ಅದು ಸುಲಭ ಅಂದುಕೊಳ್ಳಬೇಡಿ. ಚಕ್ರ ಡಾಂಬರನ್ನು ಹಿಡಿಯುತ್ತದೆ. ಮಂಜುಗಡ್ಡೆಯ ಮೇಲೆ ಕಾಲ ಕೆಳಗಿರುವುದು ಒಂದು ಮಿಲಿಮೀಟರ್ ಆಸುಪಾಸಿನ ದಪ್ಪದ ಬ್ಲೇಡ್. ಅದರ ಅಂಚಿನ ಮೇಲೆ ಮೈಭಾರ ಹಾಕಿ ಪಕ್ಕಕ್ಕೆ ತಳ್ಳಬೇಕು. ಆ ಬ್ಲೇಡ್ ಕೂಡ ಬೂಟಿನ ಮುಂಭಾಗಕ್ಕೆ ಮಾತ್ರ ಕೀಲಿನಿಂದ ಅಂಟಿಕೊಂಡಿರುತ್ತದೆ, ಹಿಮ್ಮಡಿ ಎತ್ತಿದಾಗ ಹಿಂಭಾಗ ಬಿಚ್ಚಿಕೊಳ್ಳುತ್ತದೆ. ಕಾಲು ಪೂರ್ತಿ ಚಾಚುವ ತನಕ ಬ್ಲೇಡ್ ಮಂಜುಗಡ್ಡೆಯನ್ನು ಬಿಡಬಾರದು ಎಂದು ಹೀಗೆ ಮಾಡಿದ್ದಾರೆ. ಅಲ್ಲಿನ ಓಟದ ರೀತಿಯೂ ಬೇರೆ. ಚಕ್ರದ ಓಟದಲ್ಲಿ ಹೆಚ್ಚಾಗಿ ಗುಂಪಿನಲ್ಲಿ ಓಡುತ್ತಾರೆ, ಮುಂದಿನವರ ಮರೆಯಲ್ಲಿ ಗಾಳಿ ತಪ್ಪಿಸಿಕೊಂಡು ಹೋಗಬಹುದು. ಇಲ್ಲಿ ಒಮ್ಮೆಗೆ ಇಬ್ಬರೇ. ಪಕ್ಕದವಳನ್ನು ಸೋಲಿಸಿದರೂ ಸಾಲದು. ಎಲ್ಲ ಜೋಡಿಗಳೂ ಓಡಿದ ಮೇಲೆ ಯಾರ ಸಮಯ ಕಡಿಮೆಯೋ ಅವಳೇ ಗೆದ್ದಳು.

ಸುಮಾರು ನಾಲ್ಕು ತಿಂಗಳ ಅಭ್ಯಾಸ. ಅಷ್ಟರಲ್ಲೇ 2018ರ ಜನವರಿಯಲ್ಲಿ ಮಿಲ್ವಾಕಿಯಲ್ಲಿ ಆಯ್ಕೆ ಸ್ಪರ್ಧೆ ಬಂತು. ಎರಿನ್ 500 ಮೀಟರ್‌ನಲ್ಲಿ ಮೂರನೆಯವಳಾದಳು. ಆ ಸಲ ಅಮೆರಿಕಕ್ಕೆ ಮೂರು ಜಾಗ ಇದ್ದವು. ಹಾಗಾಗಿ ಮೂರನೆಯವಳಾಗಿಯೇ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್‌ಗೆ ಹೋದಳು. ಅಲ್ಲಿ 24ನೇ ಸ್ಥಾನ ಬಂತು. ಈ ಮೂರನೇ ಸ್ಥಾನವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಹೊಸಬಳಾಗಿದ್ದಾಗ ಮೂರನೇ ಸ್ಥಾನ ಅವಳನ್ನು ತಂಡಕ್ಕೆ ಸೇರಿಸಿತು. ಜಗತ್ತಿನಲ್ಲೇ ಮೊದಲಿಗಳಾಗಿದ್ದಾಗ ಅದೇ ಮೂರನೇ ಸ್ಥಾನ ಅವಳನ್ನು ಹೊರಗೆ ನಿಲ್ಲಿಸಿತು.

ಅದು ಆದದ್ದು ಹೀಗೆ. 2021ರ ನವೆಂಬರ್‌ನಲ್ಲಿ ಪೋಲೆಂಡ್‌ನಲ್ಲಿ ನಡೆದ ವಿಶ್ವಕಪ್‌ನಲ್ಲಿ ಎರಿನ್ ಮೊದಲ ಸಲ 500 ಮೀಟರ್ ಗೆದ್ದಳು. ಆ ಸಾಲಿನಲ್ಲಿ ಒಲಿಂಪಿಕ್ಸ್‌ಗೆ ಮುಂಚೆ ನಡೆದ ಎಂಟು ವಿಶ್ವಕಪ್ ಓಟಗಳಲ್ಲಿ ನಾಲ್ಕನ್ನು ಅವಳೇ ಗೆದ್ದಳು. ಆ ದೂರಕ್ಕೆ ವಿಶ್ವ ಪಟ್ಟಿಯಲ್ಲಿ ಅವಳದೇ ಮೊದಲ ಹೆಸರು. ಬೇರೆ ಬೇರೆ ದೇಶ, ಬೇರೆ ಬೇರೆ ಟ್ರ್ಯಾಕ್, ಬೇರೆ ಬೇರೆ ದಿನ. ಇದಕ್ಕಿಂತ ದೊಡ್ಡ ಪರೀಕ್ಷೆ ಇನ್ನೇನು ಬೇಕು?

2022ರ ಜನವರಿಯಲ್ಲಿ ಮತ್ತೆ ಮಿಲ್ವಾಕಿಯಲ್ಲೇ ಆಯ್ಕೆ. ಈ ಸಲ ಖಾತ್ರಿಯಾಗಿದ್ದು ಎರಡೇ ಜಾಗ. ಓಟದ ನಡುವೆ ಎರಿನ್ ಕಾಲು ತಪ್ಪಿತು. ಬೀಳಲಿಲ್ಲ, ಆದರೆ ವೇಗ ಹೋಯಿತು. ಬ್ರಿಟನಿ ಬೋ ಮೊದಲು, ಕಿಮಿ ಗೋಟ್ಸ್ ಎರಡನೆಯವಳು. ಎರಿನ್ ಮೂರನೆಯವಳು.

ಆ ಓಟದ ವಿಡಿಯೊವನ್ನು ಮೊಮ್ಮಗಳ ಜೊತೆ ಕೂತು ನೋಡಿದೆ. ‘ಮತ್ತೆ ಓಡಿಸಬಹುದಿತ್ತಲ್ವಾ ಅಜ್ಜಿ?’ ಅಂದಳು. ಈ ಆಟದ ನಿಯಮದಲ್ಲಿ ಅದಕ್ಕೂ ಒಂದು ದಾರಿ ಇದೆ. ಓಟದ ನಡುವೆ ಇಬ್ಬರೂ ಒಳ, ಹೊರ ಲೇನ್ ಅದಲುಬದಲು ಮಾಡಿಕೊಳ್ಳುವಾಗ ಇನ್ನೊಬ್ಬಳು ಅಡ್ಡ ಬಂದು ಓಟ ಕೆಟ್ಟರೆ, ತಪ್ಪಿಲ್ಲದವಳಿಗೆ ಮತ್ತೊಮ್ಮೆ ಓಡಲು ರೆಫರಿ ಅವಕಾಶ ಕೊಡಬಹುದು. ತನ್ನದೇ ಕಾಲು ತಪ್ಪಿದರೆ ಇಲ್ಲ.

500 ಮೀಟರ್ ಓಟ ಎಷ್ಟು ನಿರ್ದಯಿ ಎನ್ನುವುದನ್ನು ಇಲ್ಲಿ ಹೇಳಬೇಕು. ಟ್ರ್ಯಾಕ್ ಸುತ್ತಳತೆ 400 ಮೀಟರ್. 500 ಅಂದರೆ ಒಂದು ಸುತ್ತಿಗಿಂತ ಸ್ವಲ್ಪ ಜಾಸ್ತಿ. ಆಮೇಲೆ 2022ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಎರಿನ್ ತೆಗೆದುಕೊಂಡ ಸಮಯ 37.04 ಸೆಕೆಂಡ್. ಲೆಕ್ಕ ಹಾಕಿದರೆ ನಿಂತಲ್ಲಿಂದ ಹೊರಟದ್ದೂ ಸೇರಿ ಸರಾಸರಿ ಗಂಟೆಗೆ 48 ಕಿಲೋಮೀಟರ್ ದಾಟುತ್ತದೆ. ಆ ವೇಗದಲ್ಲಿ ತಿರುವು ತೆಗೆಯುವಾಗ ಬ್ಲೇಡ್ ತುಸು ಅಲುಗಿದರೂ ಮುಗಿಯಿತು. ಸರಿಮಾಡಿಕೊಳ್ಳಲು ಮುಂದೆ ದಾರಿಯೇ ಉಳಿದಿರುವುದಿಲ್ಲ. 5000 ಮೀಟರ್ ಓಡುವವರಿಗೆ ಹನ್ನೆರಡೂವರೆ ಸುತ್ತು ಇರುತ್ತದೆ, ಒಂದು ಹೆಜ್ಜೆ ಕೆಟ್ಟರೆ ಮುಂದೆ ನೋಡಿಕೊಳ್ಳಬಹುದು. ಇಲ್ಲಿ ಅದಿಲ್ಲ.

ಇದು ಆ ಆಟದವರಿಗೂ ಗೊತ್ತಿದ್ದ ವಿಷಯವೇ. 1998ರ ನಾಗಾನೊದಿಂದ 2014ರ ಸೋಚಿಯ ತನಕ ಒಲಿಂಪಿಕ್ಸ್‌ನಲ್ಲಿ 500 ಮೀಟರನ್ನು ಎರಡು ಸಲ ಓಡಿಸುತ್ತಿದ್ದರು. ಒಂದು ಸಲ ಒಳ ಲೇನ್‌ನಿಂದ ಹೊರಟರೆ ಇನ್ನೊಂದು ಸಲ ಹೊರ ಲೇನ್‌ನಿಂದ. ಎರಡೂ ಸಮಯ ಕೂಡಿಸಿ ಪದಕ ಕೊಡುತ್ತಿದ್ದರು. ಯಾವ ಲೇನ್ ಸಿಕ್ಕಿತು ಎಂಬ ಅದೃಷ್ಟಕ್ಕೆ ಪದಕ ಹೋಗಬಾರದು ಎನ್ನುವುದು ಅದರ ಉದ್ದೇಶ. ದಕ್ಷಿಣ ಕೊರಿಯಾದ ಲೀ ಸಾಂಗ್-ಹ್ವಾ 2010ರಲ್ಲೂ 2014ರಲ್ಲೂ ಗೆದ್ದದ್ದು ಹೀಗೆ ಎರಡೆರಡು ಸಲ ಓಡಿಯೇ. 2018ರಿಂದ ಮತ್ತೆ ಒಂದೇ ಓಟ. ಆ ವರ್ಷ ಗೆದ್ದ ಜಪಾನಿನ ನಾವೊ ಕೊಡೈರಾ, ನಾಲ್ಕು ವರ್ಷದ ನಂತರ ಬೀಜಿಂಗ್‌ನಲ್ಲಿ 17ನೆಯವಳಾದಳು. ನನ್ನ ಮನಸ್ಸಿಗೆ ಹಳೆಯ ಎರಡು ಓಟದ ಪದ್ಧತಿಯೇ ಸರಿ ಅನ್ನಿಸುತ್ತದೆ. ಅದು ಇರಲಿ.

ಈಗ ಬ್ರಿಟನಿಯ ವಿಷಯಕ್ಕೆ ಬರೋಣ. ಆಯ್ಕೆ ಮುಗಿದ ಮೇಲೆ ತನ್ನ 500 ಮೀಟರ್ ಜಾಗವನ್ನು ಎರಿನ್‌ಗೆ ಬಿಟ್ಟುಕೊಟ್ಟಳು. ಇಬ್ಬರೂ ಒಂದೇ ಊರಿನವರು, ಚಕ್ರದ ಕಾಲದಿಂದ ಪರಿಚಯ. ಜಗತ್ತಿನಲ್ಲೇ ಮೊದಲಿಗಳಾದವಳು ಮನೆಯಲ್ಲಿ ಕೂರುವುದು ಸರಿಯಲ್ಲ ಎಂದು ಅವಳಿಗೆ ಅನ್ನಿಸಿತು. ದೊಡ್ಡ ಮನಸ್ಸು, ಅದರಲ್ಲಿ ಎರಡು ಮಾತಿಲ್ಲ. ನನಗೆ ಅವಳ ಮೇಲೆ ತುಂಬಾ ಗೌರವ.

ಆದರೆ ವೇದಿಕೆಯಲ್ಲಿ ಬಿಟ್ಟ ಮಾತು ಇದು. ಬ್ರಿಟನಿಗೆ ಅಷ್ಟು ಹೊತ್ತಿಗೆ 1000 ಮತ್ತು 1500 ಮೀಟರ್‌ಗಳಲ್ಲಿ ಜಾಗ ಸಿಕ್ಕಾಗಿತ್ತು. ಅವಳ ಮುಖ್ಯ ದೂರವೇ 1000 ಮೀಟರ್. 2019ರಲ್ಲಿ ಸಾಲ್ಟ್ ಲೇಕ್ ಸಿಟಿಯಲ್ಲಿ 1:11.61ರಲ್ಲಿ ಓಡಿ ವಿಶ್ವದಾಖಲೆ ಮಾಡಿದವಳು ಅವಳು. 500 ಬಿಟ್ಟುಕೊಟ್ಟರೂ ಒಲಿಂಪಿಕ್ಸ್ ತಪ್ಪುತ್ತಿರಲಿಲ್ಲ. ಆಮೇಲೆ ಇನ್ನೊಂದು ಜಾಗ ಅಮೆರಿಕಕ್ಕೆ ಸಿಕ್ಕಿತು, ಅವಳು 500 ಕೂಡ ಓಡಿದಳು. 1000ದಲ್ಲಿ ಕಂಚು ಗೆದ್ದಳು. ಉದ್ಘಾಟನೆಯ ದಿನ ದೇಶದ ಬಾವುಟ ಹಿಡಿದು ಮುಂದೆ ನಡೆದಳು. ಅವಳು ಕೊಟ್ಟದ್ದು ಚಿಕ್ಕದು ಎಂದು ನಾನು ಹೇಳುತ್ತಿಲ್ಲ. ಕೊಡಲು ಅವಳ ಕೈಯಲ್ಲಿ ಇತ್ತು ಎಂದು ಹೇಳುತ್ತಿದ್ದೇನೆ.

ಎರಡನೆಯವಳಾದ ಕಿಮಿ ಗೋಟ್ಸ್ ಹೆಸರನ್ನು ಯಾರೂ ಹೇಳುವುದೇ ಇಲ್ಲ. ಅವಳು ತನ್ನ ಜಾಗ ಬಿಡಲಿಲ್ಲ. ಯಾಕೆ ಬಿಡಬೇಕು? ಓಡಿ ಗಳಿಸಿದ್ದು ಅವಳದು. ‘ಬಿಟ್ಟುಕೊಡು’ ಎಂದು ಯಾವ ಮಗುವಿಗೂ ಹೇಳಬಾರದು. ಅದರಲ್ಲೂ ನಮ್ಮ ಹೆಣ್ಣುಮಕ್ಕಳಿಗೆ ಅದನ್ನು ಹೊಸದಾಗಿ ಕಲಿಸುವ ಅಗತ್ಯವೇ ಇಲ್ಲ. ತಮ್ಮನಿಗಾಗಿ ಬಿಟ್ಟು, ಮನೆ ಕೆಲಸಕ್ಕಾಗಿ ಬಿಟ್ಟು, ಕಾಫಿ ಹಣ್ಣಿನ ಕೊಯ್ಲಿಗಾಗಿ ಬಿಟ್ಟು, ನೆಂಟರು ಬಂದರೆಂದು ಬಿಟ್ಟು ಅವರಿಗೆ ಚೆನ್ನಾಗಿಯೇ ಅಭ್ಯಾಸ ಆಗಿರುತ್ತದೆ. ಆಟದ ಮೈದಾನ ಒಂದರಲ್ಲಿಯಾದರೂ ‘ಇದು ನನ್ನದು’ ಎಂದು ಹೇಳಲು ಅವರು ಕಲಿಯಲಿ. ಕೊಡಬೇಕಾದ್ದು ಮಕ್ಕಳಲ್ಲ, ನಿಯಮ ಮಾಡುವ ದೊಡ್ಡವರು.

ಫೆಬ್ರುವರಿ 13, 2022. ಬೀಜಿಂಗ್‌ನಲ್ಲಿ ಎರಿನ್ ಚಿನ್ನ ಗೆದ್ದಳು. ಎರಡನೆಯವಳಾದ ಜಪಾನಿನ ಮಿಹೊ ತಕಾಗಿಗೂ ಅವಳಿಗೂ ನಡುವಿನ ಅಂತರ ಒಂದು ಸೆಕೆಂಡಿನ ನೂರು ಭಾಗದಲ್ಲಿ ಎಂಟು. ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ವೈಯಕ್ತಿಕ ಚಿನ್ನ ಗೆದ್ದ ಮೊದಲ ಕಪ್ಪು ಮಹಿಳೆ ಅವಳು. ಅಮೆರಿಕದ ಮಹಿಳೆಯೊಬ್ಬಳು 500 ಮೀಟರ್ ಗೆದ್ದದ್ದು 1994ರ ಬಾನಿ ಬ್ಲೇರ್ ನಂತರ ಅದೇ ಮೊದಲು. ಬಾನಿ ಬ್ಲೇರ್ ಅಂದರೆ ಐದು ಒಲಿಂಪಿಕ್ಸ್ ಚಿನ್ನದ ಒಡತಿ. ಎರಿನ್‌ಗೆ ಇಷ್ಟೆಲ್ಲ ಆದದ್ದು, ಗೆಳತಿಯೊಬ್ಬಳ ಕೈಯಲ್ಲಿ ಕೊಡಲು ಒಂದು ಜಾಗ ಇದ್ದದ್ದರಿಂದ. ಬ್ರಿಟನಿ ಆ ದಿನ ಎರಡನೆಯವಳೂ ಆಗದೆ ಇದ್ದಿದ್ದರೆ? ಅಥವಾ ಅವಳಿಗೆ 500 ಬಿಟ್ಟು ಬೇರೆ ಜಾಗವೇ ಇರದಿದ್ದರೆ?

ಈಗ ನಮ್ಮ ತಾಲ್ಲೂಕು ಕೂಟಗಳಿಗೆ ಬರುತ್ತೇನೆ.

ನಮ್ಮ ಕೂಟಗಳು ನಡೆಯುವುದು ಮಳೆಗಾಲದಲ್ಲಿ. ಆಗಸ್ಟ್, ಸೆಪ್ಟೆಂಬರ್. ಅರಸೀಕೆರೆ ಕಡೆ ಬಿಸಿಲಿರಬಹುದು. ಸಕಲೇಶಪುರ, ಆಲೂರಿನ ಕಡೆ ಸೋನೆ ಮಳೆ ಬಿಡುವುದೇ ಇಲ್ಲ. ಬೆಳಗ್ಗೆ ಸುಣ್ಣದ ಪುಡಿಯಲ್ಲಿ ಗೆರೆ ಹಾಕಿದರೆ ಹತ್ತು ಗಂಟೆಗೆ ಅರ್ಧ ಅಳಿಸಿರುತ್ತದೆ. ತಿರುವಿನಲ್ಲಿ ಕೆಸರು. ಮಕ್ಕಳು ಬರಿಗಾಲಲ್ಲಿ ಓಡುತ್ತಾರೆ. ಶೂ ಇದ್ದವರು ಜಾರುತ್ತಾರೆ, ಸ್ಪೈಕ್ಸ್ ಅಂತೂ ಕಂಡವರಿಲ್ಲ. ಒಂದೇ ದಿನದಲ್ಲಿ ಎಲ್ಲ ಮುಗಿಸಬೇಕು, ಸಂಜೆ ಬಸ್ಸು ಹಿಡಿಯಬೇಕು. ಹೀಟ್ಸ್ ಓಡಿಸುವುದು, ಫೈನಲ್ ಓಡಿಸುವುದು, ಪಟ್ಟಿ ಓದುವುದು. ಮೇಲಿನ ಹಂತಕ್ಕೆ ಹೋಗುವವರು ಒಬ್ಬರೋ ಇಬ್ಬರೋ. ಮೂರನೆಯವಳಿಗೆ ಒಂದು ಸರ್ಟಿಫಿಕೇಟ್.

ನನ್ನ ಕೈಯಲ್ಲಿ ಒಬ್ಬ ಹುಡುಗಿ ಇದ್ದಳು. ಕಾಫಿ ತೋಟದ ಲೈನ್ ಮನೆಯಿಂದ ಬರುತ್ತಿದ್ದವಳು. ಒಂಬತ್ತನೇ ಕ್ಲಾಸು. 200 ಮೀಟರ್ ಅವಳ ಓಟ. ಮೈ ಹಗುರ, ತಿರುವಿನಲ್ಲಿ ಒಳಗೆ ವಾಲಿ ಓಡುವುದನ್ನು ಯಾರೂ ಹೇಳಿಕೊಡದೆ ಕಲಿತಿದ್ದಳು. ಆ ವರ್ಷ ಹೋಬಳಿಯಲ್ಲಿ ಅವಳ ಹತ್ತಿರಕ್ಕೆ ಯಾರೂ ಬರಲಿಲ್ಲ. ತಾಲ್ಲೂಕು ಕೂಟದ ದಿನ ರಾತ್ರಿಯಿಂದ ಮಳೆ. ಫೈನಲ್‌ನಲ್ಲಿ ಅದೇ ತಿರುವಿನಲ್ಲಿ ಕಾಲು ಹೋಯಿತು. ಕೈ ಊರಿ ಎದ್ದು ಓಡಿದಳು, ನಾಲ್ಕನೆಯವಳಾದಳು. ಮಳೆ ನಿಂತ ಮೇಲೆ ಇನ್ನೊಮ್ಮೆ ಓಡಿಸಿ ಎಂದು ಕೂಟ ನಡೆಸುವವರನ್ನು ಕೇಳಿದೆ. ‘ಒಬ್ಬರಿಗೆ ಮಾಡಿದರೆ ಎಲ್ಲರಿಗೂ ಮಾಡಬೇಕಾಗುತ್ತೆ ಮೇಡಂ’ ಎಂದರು. ಅವರ ಮಾತಿನಲ್ಲೂ ಅರ್ಥ ಇತ್ತು. ಎಲ್ಲರಿಗೂ ಮತ್ತೆ ಓಡಿಸಿ ಎಂದೇ ನಾನು ಕೇಳಿದ್ದು. ಹೊತ್ತಿಲ್ಲ ಎಂದರು.

ಮಾರನೆಯ ವಾರ ನಮ್ಮ ಶಾಲೆಯ ಮೈದಾನದಲ್ಲಿ ಅವಳನ್ನು ಓಡಿಸಿ ನೋಡಿದೆ. ತಾಲ್ಲೂಕಿನಲ್ಲಿ ಗೆದ್ದವಳ ಸಮಯಕ್ಕಿಂತ ಚೆನ್ನಾಗಿ ಓಡಿದಳು. ಆ ಸಮಯವನ್ನು ನನ್ನ ನೋಟ್‌ಬುಕ್‌ನಲ್ಲಿ ಬರೆದೆ. ಅದನ್ನು ನೋಡುವವರು ಯಾರೂ ಇರಲಿಲ್ಲ. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. ‘ಪಬ್ಲಿಕ್ ಪರೀಕ್ಷೆ, ಆಟ ಬೇಡ’ ಎಂದರು ಮನೆಯಲ್ಲಿ. ಅಲ್ಲಿಗೆ ಅವಳ ಓಟ ಮುಗಿಯಿತು.

ಎರಿನ್ ಬೀಜಿಂಗ್‌ಗೆ ಹೋದಾಗ ಅವಳಿಗೆ 29 ವರ್ಷ. ನಮ್ಮ ಮಕ್ಕಳಿಗೆ ಅಷ್ಟು ಕಾಲ ಯಾರು ಕೊಡುತ್ತಾರೆ? 14 ವರ್ಷದೊಳಗೆ, 17 ವರ್ಷದೊಳಗೆ ಎಂಬ ಎರಡು ಗುಂಪು. ಎಂಟು, ಒಂಬತ್ತನೇ ಕ್ಲಾಸಿನ ಎರಡು ಮಳೆಗಾಲ. ಹತ್ತನೆಯದು ಬಂದರೆ ಬಾಗಿಲು ಮುಚ್ಚಿದಂತೆ. ಆ ಎರಡು ಮಳೆಗಾಲದಲ್ಲಿ ಒಂದು ದಿನ ಕಾಲು ಜಾರಿದರೆ ಕ್ರೀಡಾ ಹಾಸ್ಟೆಲ್ ಇಲ್ಲ, ಕೋಚ್ ಕಣ್ಣಿಗೆ ಬೀಳುವುದಿಲ್ಲ, ವಿಭಾಗ ಮಟ್ಟಕ್ಕೆ ಮೈಸೂರು ಕಡೆ ಹೋಗುವ ಮಾತೇ ಇಲ್ಲ.

ಹಸು ಕೊಳ್ಳುವವರು ಒಂದು ಹೊತ್ತಿನ ಹಾಲು ನೋಡಿ ಬೆಲೆ ಕಟ್ಟುವುದಿಲ್ಲ. ಮಕ್ಕಳ ವಿಷಯದಲ್ಲಿ ಮಾತ್ರ ನಾವು ಹಾಗೆ ಮಾಡುತ್ತಿದ್ದೇವೆ.

ನಾನು ಕೇಳುವುದು ದೊಡ್ಡದೇನಲ್ಲ. ತಾಲ್ಲೂಕು ಮತ್ತು ಜಿಲ್ಲಾ ಕೂಟಗಳಲ್ಲಿ ಗೆದ್ದವರ ಜಾಗ ಗೆದ್ದವರಿಗೇ ಇರಲಿ. ಅದರ ಜೊತೆಗೆ ಪ್ರತಿ ಓಟಕ್ಕೂ ಇನ್ನೊಂದು ಜಾಗ ಸೇರಿಸಿ. ಆ ಜಾಗ, ಆ ಸಾಲಿನಲ್ಲಿ ಬರೆದಿಟ್ಟ ಸಮಯಗಳ ಮೇಲೆ ಹೋಗಲಿ. ಯಾರ ಜಾಗವನ್ನೂ ಕಿತ್ತುಕೊಳ್ಳುವುದು ಬೇಡ, ಯಾರೂ ಬಿಟ್ಟುಕೊಡುವುದೂ ಬೇಡ. ಒಂದು ಮಗುವಿನ ಬಸ್ ಚಾರ್ಜು, ಒಂದು ಊಟ. ಹೆಚ್ಚುವರಿ ಖರ್ಚು ಅಷ್ಟೇ.

ಇದನ್ನು ಹೇಳಿದ ತಕ್ಷಣ ಬರುವ ಪ್ರಶ್ನೆ ನನಗೆ ಗೊತ್ತು. ನನ್ನ ಸಹೋದ್ಯೋಗಿಗಳೇ ಎಷ್ಟೋ ಸಲ ಕೇಳಿದ್ದಾರೆ. ‘ಹಾಗೊಂದು ಜಾಗ ಇಟ್ಟರೆ ಅದು ಯಾರ ಮಗಳಿಗೆ ಹೋಗುತ್ತೆ ಅಂತ ಗೊತ್ತಲ್ವಾ ಮೇಡಂ?’ ಗೊತ್ತು. ಫೋನ್ ಬರುತ್ತದೆ. ಊರ ಪ್ರಮುಖರ ಚೀಟಿ ಬರುತ್ತದೆ. ಓಟ ಗೆದ್ದವಳೇ ಹೋಗಬೇಕು ಎಂಬ ಗಟ್ಟಿ ನಿಯಮ ಇರುವುದರಿಂದಲೇ ಲೈನ್ ಮನೆಯ ಮಗು ಇಷ್ಟಾದರೂ ಮೇಲೆ ಬರುತ್ತಿದೆ. ಆ ನಿಯಮವನ್ನು ಸಡಿಲ ಮಾಡಿದರೆ ಮೊದಲು ಪೆಟ್ಟು ಬೀಳುವುದು ಬಡ ಮಕ್ಕಳಿಗೆ. ಈ ಭಯ ಸುಳ್ಳಲ್ಲ. ಅದಕ್ಕೇ ನಾನು ಆಯ್ಕೆ ಸಮಿತಿಯ ಇಷ್ಟಕ್ಕೆ ಬಿಡಿ ಎಂದು ಹೇಳುತ್ತಿಲ್ಲ. ಯಾರ ಇಷ್ಟಕ್ಕೂ ಬಿಡಬೇಡಿ. ಗಡಿಯಾರಕ್ಕೆ ಬಿಡಿ.

ಮಾಡುವುದು ಕಷ್ಟವಲ್ಲ. ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ ತಿಂಗಳಿಗೊಮ್ಮೆ ಅಕ್ಕಪಕ್ಕದ ಎರಡು ಮೂರು ಶಾಲೆಗಳು ಒಂದೇ ಮೈದಾನದಲ್ಲಿ ಸೇರಲಿ. ಒಂದು ಶಾಲೆಯ ಮಗುವಿನ ಸಮಯವನ್ನು ಇನ್ನೊಂದು ಶಾಲೆಯ ಶಿಕ್ಷಕರು ನೋಡಲಿ. ಒಂದೇ ಸ್ಟಾಪ್‌ವಾಚ್ ಬೇಡ, ಎರಡಿರಲಿ. ಬರೆದದ್ದಕ್ಕೆ ಇಬ್ಬರೂ ಸಹಿ ಹಾಕಲಿ. ಅದೇ ದಿನ ನೋಟಿಸ್ ಬೋರ್ಡಿಗೆ ಅಂಟಿಸಲಿ, ಅದರ ಫೋಟೊ ತಾಲ್ಲೂಕಿನ ಎಲ್ಲ ದೈಹಿಕ ಶಿಕ್ಷಕರ ಗುಂಪಿಗೆ ಹೋಗಲಿ. ಹತ್ತು ಜನ ಕಂಡ ಅಂಕಿಯನ್ನು ಆಮೇಲೆ ತಿದ್ದುವುದು ಸುಲಭವಲ್ಲ. ಕೈ ಗಡಿಯಾರದ ಲೆಕ್ಕದಲ್ಲಿ ಸ್ವಲ್ಪ ಹೆಚ್ಚುಕಡಿಮೆ ಇರುತ್ತದೆ, ಒಪ್ಪುತ್ತೇನೆ. ಎರಿನ್ ಓಟದಂತೆ ನೂರನೇ ಭಾಗದ ಸೆಕೆಂಡ್ ನಮಗೆ ಹಿಡಿಯಲು ಆಗುವುದಿಲ್ಲ. ಆದರೆ ಮೂರು ತಿಂಗಳು ಎಲ್ಲರಿಗಿಂತ ಮುಂದೆ ಇದ್ದ ಮಗು ಯಾವುದು ಎಂದು ತಿಳಿಯಲು ಅಷ್ಟು ಸೂಕ್ಷ್ಮ ಬೇಕಾಗಿಲ್ಲ.

ಎಲ್ಲ ಶಾಲೆಗಳಲ್ಲೂ ದೈಹಿಕ ಶಿಕ್ಷಕರಿಲ್ಲ ಎಂಬುದೂ ಗೊತ್ತು. ಇಲ್ಲದ ಶಾಲೆಯ ಮಕ್ಕಳು ಪಕ್ಕದ ಶಾಲೆಯ ಜೊತೆ ಬರಲಿ. ನಮ್ಮಂಥ ನಿವೃತ್ತರು ಊರೂರಲ್ಲಿ ಇದ್ದೇವೆ. ಕರೆದರೆ ಬರುತ್ತೇವೆ. ಬೆಳಗ್ಗೆ ವಾಕಿಂಗ್ ಹೋಗುವ ಬದಲು ಮೈದಾನದಲ್ಲಿ ನಿಂತು ಗಡಿಯಾರ ಒತ್ತಲು ಯಾರಿಗೆ ಬೇಜಾರು?

ಇನ್ನೊಂದು ಮಾತು ಮಳೆಯದು. ಫೈನಲ್ ಓಡಿಸುವ ಹೊತ್ತಿಗೆ ತಿರುವಿನಲ್ಲಿ ನೀರು ನಿಂತಿದ್ದರೆ ಆ ಓಟವನ್ನು ಮುಂದಕ್ಕೆ ಹಾಕುವ ಅಧಿಕಾರ ಮೈದಾನದಲ್ಲಿರುವ ರೆಫರಿಗೆ ಇರಲಿ, ಅದನ್ನು ಬರವಣಿಗೆಯಲ್ಲಿ ಕೊಡಲಿ. ಈಗ ಅವರು ಮುಂದಕ್ಕೆ ಹಾಕಲು ಹೆದರುತ್ತಾರೆ. ಸಂಜೆಯೊಳಗೆ ಪಟ್ಟಿ ಕಳಿಸಬೇಕು ಎಂಬ ಒತ್ತಡ ಅವರ ಮೇಲೂ ಇರುತ್ತದೆ. ಅವರನ್ನು ದೂರಿ ಪ್ರಯೋಜನವಿಲ್ಲ.

ಚಕ್ರದ ಸ್ಕೇಟಿಂಗ್ ಮಕ್ಕಳ ಬಗ್ಗೆಯೂ ಒಂದೆರಡು ಸಾಲು. ಲೇಹ್‌ನ ಮಂಜುಗಡ್ಡೆಯ ಮೇಲೆ ಖೇಲೋ ಇಂಡಿಯಾ ಚಳಿಗಾಲದ ಕೂಟದಲ್ಲಿ ಕರ್ನಾಟಕದ ಸ್ಕೇಟರ್‌ಗಳು ಪದಕ ಗೆದ್ದಿದ್ದಾರೆ. ಓಕಾಲಾದ ದಾರಿ ನಮಗೂ ಮುಚ್ಚಿಲ್ಲ. ನನ್ನ ಮೊಮ್ಮಗಳ ಜೊತೆಯ ಮಕ್ಕಳು ಈಗ ಅಭ್ಯಾಸ ಮಾಡುವುದು ಬೆಳಗಿನ ಹೊತ್ತು ವಾಹನ ಕಡಿಮೆ ಇರುವ ರಸ್ತೆಯಲ್ಲಿ. ಅಪ್ಪ ಅಮ್ಮಂದಿರು ಎರಡು ತುದಿಗೆ ನಿಂತು ಬೈಕುಗಳನ್ನು ತಡೆಯುತ್ತಾರೆ. ಅವರಿಗೊಂದು ನುಣುಪಾದ ಸಿಮೆಂಟ್ ಅಂಗಳ ಸಿಕ್ಕಿದರೆ ಸಂತೋಷ. ಆದರೆ ಅದು ಆಗುವ ತನಕ ಕಾಯಬೇಕಾದ್ದೇನಿಲ್ಲ. ಸಮಯ ಬರೆದಿಡುವ ಪದ್ಧತಿ ಅವರಿಗೂ ಬೇಕು. ಎರಡು ಮೂರು ವರ್ಷದ ಅಂಕಿ ಇದ್ದರೆ ನಾಳೆ ಯಾರಾದರೂ ಕೋಚ್ ಬಂದಾಗ ‘ಈ ಮಗುವನ್ನು ನೋಡಿ’ ಎಂದು ತೋರಿಸಲು ಕೈಯಲ್ಲಿ ಏನಾದರೂ ಇರುತ್ತದೆ.

ಶಾಲೆಗಳ ಮುಖ್ಯೋಪಾಧ್ಯಾಯರಲ್ಲೂ ಒಂದು ಕೋರಿಕೆ. ಎರಿನ್ ಮತ್ತು ಬ್ರಿಟನಿಯ ವಿಷಯವನ್ನು ಪ್ರಾರ್ಥನೆಯ ಹೊತ್ತಿನಲ್ಲಿ ಹೇಳುವುದಾದರೆ ದಯವಿಟ್ಟು ಪೂರ್ತಿ ಹೇಳಿ. ಎರಿನ್ ಎಷ್ಟು ವರ್ಷ ಚಕ್ರದ ಮೇಲೆ ಬೆವರು ಸುರಿಸಿದಳು, ಆಯ್ಕೆಗೆ ಮುಂಚೆ ಎಷ್ಟು ಓಟ ಗೆದ್ದಿದ್ದಳು ಎಂದು ಹೇಳಿ. ಅವಳು ದಯೆಯಿಂದ ತಂಡ ಸೇರಿದವಳು ಎಂದು ಮಕ್ಕಳಿಗೆ ಅನ್ನಿಸಬಾರದು. ಆ ಜಾಗ ಅವಳದೇ ಆಗಿತ್ತು. ಕಿಮಿ ಗೋಟ್ಸ್ ಹೆಸರನ್ನೂ ಹೇಳಿ.

ಈ ಸಾಲಿನ ಕೂಟಗಳ ಸುತ್ತೋಲೆ ಹೊರಡುವ ಮುಂಚೆ ಸಂಬಂಧಪಟ್ಟವರು ಇದನ್ನು ಓದಲಿ ಎಂದು ಕೋರುತ್ತೇನೆ. ಇಡೀ ಜಿಲ್ಲೆಗೆ ಒಮ್ಮೆಲೇ ಆಗದಿದ್ದರೆ ಒಂದು ತಾಲ್ಲೂಕಿನಲ್ಲಿ, 200 ಮತ್ತು 400 ಮೀಟರ್ ಓಟಗಳಿಗಷ್ಟೇ ಮಾಡಿ ನೋಡಲಿ. ಆಲೂರಾಗಲಿ, ಸಕಲೇಶಪುರವಾಗಲಿ, ಮೊದಲ ತಿಂಗಳ ಓಟಕ್ಕೆ ಗೆರೆ ಹಾಕಲು, ಸಮಯ ಬರೆಯಲು ನಾನು ಸ್ವಂತ ಖರ್ಚಿನಲ್ಲಿ ಬರುತ್ತೇನೆ.

ಇಂತಿ,
ನಿವೃತ್ತ ದೈಹಿಕ ಶಿಕ್ಷಕಿ,
ಹಾಸನ